ನಾನು ಬೇಡವೆಂದದ್ದು ನೀರನ್ನು

ಬೀಡಿಯನ್ನೂ ಮುಟ್ಟದ ನನ್ನನ್ನು ಮೂರು ವಾರ ಅಮಲುಕೋರರ ಲೆಕ್ಕಕ್ಕೆ ಸೇರಿಸಿದ್ದರು, ಬಂಧುಗಳೇ. 

ನಾನು ದಾವಣಗೆರೆಯವನು. ಹೆಂಡತಿ ಶಾಹೀನಳ ಆಫೀಸು ಕೆಲಸದಿಂದಾಗಿ ನೆದರ್‌ಲ್ಯಾಂಡ್ಸ್‌ನ ಜೂಟರ್‌ಮೀರ್‌ನಲ್ಲಿದ್ದೇವೆ. ವಯಸ್ಸಾದವರನ್ನು ಡಯಾಲಿಸಿಸ್‌ಗೆ ಕರೆದೊಯ್ದು ಮತ್ತೆ ಮನೆಗೆ ಬಿಡುವ ಮಿನಿಬಸ್ ಓಡಿಸುವುದು ನನ್ನ ಕೆಲಸ. ಕೊರೊನಾ ಕಾಲದಲ್ಲಿ ಹೆತ್ತ ಮಕ್ಕಳೇ ಹತ್ತಿರ ಬರಲು ಹೆದರುತ್ತಿದ್ದಾಗ, ಅವರ ಕೈ ಹಿಡಿದು ಇಳಿಸುತ್ತಿದ್ದವನು ನಾನು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ.

೨೦೨೧ರ ರಂಜಾನ್ ಉಪವಾಸ, ಹದಿನಾರನೇ ರೋಜಾ. ಮಧ್ಯಾಹ್ನ ಮೂರಕ್ಕೆ ಡಿಪೋಗೆ ಬಂದರೆ ಚಾಲಕರಿಗೆಲ್ಲ ದಿಢೀರ್ ಡ್ರಗ್ ಟೆಸ್ಟ್. ಮಾಸ್ಕ್, ನೀಲಿ ಗ್ಲೌಸ್ ಹಾಕಿದ್ದ ಒಬ್ಬ ಹೆಣ್ಣುಮಗಳು ನನ್ನ ನಾಲಿಗೆ ಕೆಳಗೆ ಕಡ್ಡಿ ಇಟ್ಟಳು. ಎಂಜಲು ಹತ್ತಿದರೆ ಅದರ ತುದಿ ಬಣ್ಣ ಬದಲಿಸಬೇಕು. ಬೆಳಗಿನ ಜಾವದಿಂದ ಹನಿ ನೀರು ಕಾಣದ ಬಾಯಿ. ಎರಡು ಸಲ ಇಟ್ಟರೂ ಕಡ್ಡಿ ಒಣಗಿಯೇ ಬಂತು. ಲೋಟದಲ್ಲಿ ನೀರು ಕೊಟ್ಟು, "ಕುಡೀರಿ, ಹತ್ತು ನಿಮಿಷ ಬಿಟ್ಟು ನೋಡೋಣ" ಎಂದು ಡಚ್‌ನಲ್ಲಿ ಹೇಳಿದಳು.

'ನಂಗೆ ಬೇಡ' ಎಂಬುದನ್ನೇ ತಲೆಯೊಳಗೆ ಡಚ್ಚಿಗೆ ತಿರುಗಿಸಿ "ಇಕ್ ವಿಲ್ ನೀಟ್" ಅಂದೆ. ಮತ್ತೆ ಕೇಳಿದಳು, ಮತ್ತೆ ಅದನ್ನೇ ಅಂದೆ, ಸ್ವಲ್ಪ ಜೋರಾಗಿ. ಮೂರನೇ ಸಲ ಕೇಳಿದಾಗ ರೇಗಿಹೋಯಿತು. ಬಸ್ಸಿನ ಕೀ ಟೇಬಲ್ಲಿನ ಮೇಲೆ ಎಸೆದು ಹೊರಗೆ ಬಂದೆ. ನಮ್ಮ 'ಬೇಡ' ಎಷ್ಟು ಮೆತ್ತಗಿನ ಮಾತು! ಅವರ ಭಾಷೆಯಲ್ಲಿ ಅದು 'ನಾನು ಒಪ್ಪುವುದಿಲ್ಲ' ಎನ್ನುವಷ್ಟು ಗಡಸಂತೆ. 'ಕುಡಿಯುವ ಹಾಗಿಲ್ಲ' ಎನ್ನಲು ಬೇರೆಯೇ ಮಾತಿದೆಯಂತೆ. ನನಗೆ ಯಾರು ಕಲಿಸಿದ್ದರು?

ಮರುದಿನ ಈಮೇಲ್ ಬಂತು. ಟೆಸ್ಟ್ ನಿರಾಕರಿಸಿದ್ದೀರಿ, ನಿರಾಕರಣೆ ಎಂದರೆ ಫೇಲ್ ಆದಂತೆ, ಬಸ್ ಮುಟ್ಟುವಂತಿಲ್ಲ. ಯಾ ಅಲ್ಲಾಹ್! ನಾಲ್ಕು ಸಲ ಓದಿದೆ, ಅಕ್ಷರ ಬದಲಾಗಲಿಲ್ಲ. ರೋಜಾ ಇತ್ತು ಎಂದು ಫೋನಿನಲ್ಲಿ ಬಡಕೊಂಡೆ. "ನಮ್ಮ ದಾಖಲೆಯಲ್ಲಿ ನಿರಾಕರಣೆ ಅಂತಿದೆ" ಎಂದರು, ಅಷ್ಟೇ. ಮತ್ತೆ ಕೆಲಸಕ್ಕೆ ಬರಬೇಕಾದರೆ ತಜ್ಞರ ಮುಂದೆ ಚಟ ಒಪ್ಪಿಕೊಂಡು, ತರಗತಿ ಮುಗಿಸಿ, ಹೊಸ ಟೆಸ್ಟ್ ಪಾಸಾಗಬೇಕಂತೆ. ಇಲ್ಲದ ಚಟವನ್ನು ಬಿಡುವುದು ಹೇಗೆ, ಹೇಳಿ?

"ಒಂದ್ಸಲ ಸೇದಿದ್ದೆ ಅಂತ ಹೇಳ್ಬಿಡ್ರೀ," ಅಂದಳು ಶಾಹೀನ. "ಕ್ಲಾಸ್ ಮುಗಿಸ್ಕೊಂಡು ಕೆಲಸಕ್ಕೆ ಹೋಗಿ. ಊರಲ್ಲಿ ಯಾರಿಗೆ ಗೊತ್ತಾಗುತ್ತೆ?"

"ರೋಜಾ ಇಟ್ಕೊಂಡು ಸುಳ್ಳು ಹೇಳ್ಲಾ?"

"ಮತ್ತೇನು, ಹಿಂಗೇ ಸೋಫಾ ಮೇಲೆ ಕೂತು ಗೋಡೆ ನೋಡ್ತಿರ್ತೀರಾ?" ಹೇಳುತ್ತಲೇ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ಮಸೀದಿಯಲ್ಲಿ ಆಗ ಕೆಲವರಿಗಷ್ಟೇ ಜಾಗ. ಮಲಗುವ ಕೋಣೆಯಲ್ಲೇ ನಮಾಜಿನ ಮುಸಲ್ಲಾ ಹಾಸಿ ದುಆ ಮಾಡುತ್ತಿದ್ದೆ. ನಿಜ ಹೇಳಬೇಕಲ್ಲ, ಆ ದುಆ ಚೆನ್ನಾಗಿರಲಿಲ್ಲ. 'ಸುಳ್ಳು ಹೇಳಿಸದೆ ಕೆಲಸ ವಾಪಸು ಕೊಡು' ಎಂದು ಒಂದು ಸಲ ಕೇಳಿದರೆ, 'ನಿರಾಕರಣೆ ಅಂತ ಬರೆದ ಆ ಹೆಂಗಸಿನ ಕೈಗೆ ಇನ್ನು ಪೆನ್ನೇ ಸಿಗದ ಹಾಗೆ ಮಾಡು' ಎಂದು ಹತ್ತು ಸಲ ಕೇಳುತ್ತಿದ್ದೆ.

ಇಪ್ಪತ್ತೇಳನೇ ರೋಜಾದ ದಿನ ತಜ್ಞರು ವಿಡಿಯೋ ಕರೆಯಲ್ಲಿ ಬಂದರು, ನೆರೆತ ಕೂದಲಿನವರು. ಏನು ಸೇವಿಸುತ್ತೀರಿ ಎಂದು ಕೇಳಿದರು. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. "ಏನೂ ಇಲ್ಲ ಸರ್, ಈ ತಿಂಗಳು ಹಗಲಲ್ಲಿ ನೀರೂ ಇಲ್ಲ," ಅಂದೆ.  ಅವರು ಒಂದು ಕಾಗದವನ್ನು ಕ್ಯಾಮೆರಾಗೆ ಹಿಡಿದರು. ಡಿಪೋದಲ್ಲಿ ಆವತ್ತು ತುಂಬಿದ ಮೂಲ ಫಾರಂ.

"ಕೆಳಗೆ ಕೈಬರಹ ಇದೆ, ಓದಿ," ಅಂದರು.

ಎರಡೇ ಶಬ್ದ. ನೀರು ನಿರಾಕರಿಸಿದರು. ಆ ಹೆಣ್ಣುಮಗಳು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಆಫೀಸಿನಲ್ಲಿ ಕಂಪ್ಯೂಟರಿಗೆ ಹಾಕಿದವರು ನೀರನ್ನು ಬಿಟ್ಟು ನಿರಾಕರಣೆಯನ್ನಷ್ಟೇ ಹಾಕಿದ್ದರು.

 ಯಾವ ಪೆನ್ನನ್ನು ಕಿತ್ತುಕೋ ಎಂದು ಬೇಡಿದ್ದೆನೋ, ನನ್ನನ್ನು ಉಳಿಸಿದ್ದು ಅದೇ ಪೆನ್ನು. ನಾನು ದುಆಗೆ ಕೈ ಎತ್ತುವ ಮೊದಲೇ, ಕೀ ಎಸೆದು ಹೋದ ಆ ಮಧ್ಯಾಹ್ನವೇ, ಉತ್ತರ ಬರೆದಾಗಿತ್ತು. ನಾನು ಕೇಳಿದ್ದನ್ನು ಅಲ್ಲಾಹನು ಕೇಳಿದ ಹಾಗೇ ಕೊಟ್ಟಿದ್ದರೆ? ನಾಚಿಕೆಯಿಂದ ಕ್ಯಾಮೆರಾ ಮುಂದೆಯೇ ಮುಖ ಮುಚ್ಚಿಕೊಂಡೆ.

ತರಗತಿ ಬೇಡವೆಂದರು, ಹೊಸ ಟೆಸ್ಟ್ ಒಂದೇ ಸಾಕೆಂದರು. ಈದ್ ಮುಗಿದ ವಾರ ಡಿಪೋಗೆ ಹೋದರೆ ಅದೇ ನೀಲಿ ಗ್ಲೌಸ್. ನನ್ನನ್ನು ಗುರುತು ಹಿಡಿದು, ಕೇಳಲೋ ಬೇಡವೋ ಎಂಬಂತೆ ಲೋಟ ಮುಂದಿಟ್ಟಳು. ಕೀ ಎಸೆದದ್ದಕ್ಕೆ ಕ್ಷಮೆ ಕೇಳಿದೆ. ಬಾಯಿ ಒಣಗಿರಲಿಲ್ಲ, ಆದರೂ ಎರಡು ಲೋಟ ಕುಡಿದೆ. ಆವತ್ತೇ ನನ್ನ ಮುದುಕರು ಮತ್ತೆ ನನ್ನ ಬಸ್ಸು ಹತ್ತಿದರು.

ಅಲ್‌ಹಮ್ದುಲಿಲ್ಲಾಹ್. ಈಗ ಪ್ರತಿ ದುಆದಲ್ಲೂ ಅವಳಿಗೊಂದು ಪಾಲಿದೆ. ಹೆಸರು ಕೇಳಲು ಮರೆತೆ. ಪೆನ್ನಿನ ಹೆಣ್ಣುಮಗಳು ಎನ್ನುತ್ತೇನೆ, ಯಾರೆಂದು ಅವನಿಗೆ ಗೊತ್ತು.