ಅತ್ತಿಗೆಯ ಬೆರಳು ಎದ್ದ ಹೊತ್ತು

ನನ್ನ ಅತ್ತಿಗೆ ಚಿಕ್ಕತಾಯಮ್ಮನವರ ಕಿವಿ ಕೆಟ್ಟಿಲ್ಲ. ಕೆಟ್ಟಿದೆ ಎಂದು ಅವರನ್ನೂ ಊರನ್ನೂ ನಂಬಿಸಿದವನು ನಾನು. ಎರಡು ವರ್ಷಗಳಿಂದ ಈ ಮಾತನ್ನು ಒಳಗಿಟ್ಟುಕೊಂಡೇ ಅವರು ಕೊಟ್ಟ ಕಾಫಿ ಕುಡಿದಿದ್ದೇನೆ.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಹುಣಸೂರು ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತನಾಲ್ಕು ವರ್ಷ ‘ಶಬ್ದ’ ಎಂಬ ಪಾಠವನ್ನು ಮಾಡಿದವನು. ಅತ್ತಿಗೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಟ್ಟೆಮಳಲವಾಡಿಯ ಆಚೆ ನಮ್ಮ ಹೊಲಗಳಲ್ಲಿ ಅಣ್ಣನ ಬ್ಯಾರನ್ನೂ ನನ್ನ ಬ್ಯಾರನ್ನೂ ಎದುರುಬದುರಾಗಿವೆ. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಸಾಲುಸಾಲಾಗಿ ತೂಗುಹಾಕಿ ಬೇಯಿಸುವ ಎತ್ತರದ ಕಟ್ಟಡಗಳು ಅವು. ಒಲೆಯ ಬಾಯಿ ಹೊರಗಿರುತ್ತದೆ. ಅದರ ಬಿಸಿ ಕಬ್ಬಿಣದ ಪೈಪುಗಳಲ್ಲಿ ಒಳಗಿನ ನೆಲದುದ್ದಕ್ಕೂ ಹರಿಯುತ್ತದೆ. ಬೇಯುವ ಕೊನೆಯ ದಿನಗಳಲ್ಲಿ ಗರಿಗರಿಯಾದ ಒಂದೇ ಒಂದು ಎಲೆ ಜಾರಿ ಆ ಪೈಪಿನ ಮೇಲೆ ಬಿದ್ದರೆ ಸಾಕು — ಸೊಪ್ಪೂ ಇಲ್ಲ, ಸೂರೂ ಇಲ್ಲ.

ಆ ಎಲೆ ಬೀಳುವ ಸದ್ದನ್ನು ಅತ್ತಿಗೆ ಗೋಡೆಯ ಹೊರಗಿನಿಂದಲೇ ಕೇಳುತ್ತಿದ್ದರು. ಚಪ್ಪರದಡಿ ಹತ್ತು ಹೆಂಗಸರ ನಡುವೆ ಕೂತು ಹಸಿ ಸೊಪ್ಪು ಕಟ್ಟುತ್ತಿರುವರು. ತಗಡಿನ ಮೇಲೆ ಮಳೆ, ಒಲೆಯಲ್ಲಿ ಸೌದೆ ಸಿಡಿಯುವ ಸದ್ದು, ಹೆಂಗಸರ ನಗೆ, ರಸ್ತೆಯಲ್ಲಿ ಟ್ರ್ಯಾಕ್ಟರು — ಇವೆಲ್ಲದರ ನಡುವೆ ಅವರ ಬಲಗೈಯ ತೋರುಬೆರಳು ತಾನಾಗಿ ಮೇಲೇಳುವುದು. “ಬಿತ್ತು,” ಎನ್ನುವರು. ಯಾರೋ ಓಡಿ ಒಲೆಯಿಂದ ಸೌದೆ ಎಳೆಯುವರು. ಒಳಹೊಕ್ಕು ನೋಡಿದರೆ ಪೈಪಿನ ಮೇಲೆ ಎಲೆ ಇರುವುದು. ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ — ತಪ್ಪಲೆಂದು ಕಾದಿದ್ದವನು ನಾನು, ಆದ್ದರಿಂದ ಈ ಮಾತನ್ನು ನಂಬಬಹುದು.

ನಾನು ಅವಮಾನಗಳನ್ನು ಮರೆಯುವವನಲ್ಲ, ದಿನಚರಿಯಲ್ಲಿ ಬರೆದಿಡುವವನು. ನನ್ನ ಬ್ಯಾರನ್ನಿಗೆ ಮೊದಲ ಸಲ ಸೊಪ್ಪು ತುಂಬಿದ ದಿನದ ಪುಟ ಇಂದಿಗೂ ಇದೆ. ಕಾವಲಿಗೆ ನಾನೇ ಕೂರುತ್ತೇನೆ ಎಂದೆ. ಪಕ್ಕದ ಹೊಲದ ಚಲುವೇಗೌಡ ಎಲ್ಲರೆದುರು ಕೂಗಿದ: “ಮೇಷ್ಟ್ರು ಕಿವಿ ನಂಬ್ಕಂಡ್ರೆ ಬ್ಯಾರನ್ ಉರುದ್‌ಮೇಲೆ ಬೆಲ್ ಒಡೀತಾರೆ ಕಣ್ಲಾ! ಚಿಕ್ಕತಾಯಮ್ಮಾರನ್ನ ಕರೀರ್ಲಾ!” ಊರು ನಕ್ಕಿತು. ನನ್ನ ಅಣ್ಣನೂ ನಕ್ಕ. ನಗುತ್ತಲೇ, “ನೀನು ಸದ್ದಿನ್ ಪಾಟ ಮಾಡು, ಸದ್ದು ಅವಳು ಕೇಳ್ತಾಳೆ ಬುಡು,” ಎಂದ. ಅತ್ತಿಗೆಯೊಬ್ಬರು ನಗಲಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ — ಕನಿಕರ ಎಂದು, ಅವಮಾನಗಳ ಪಟ್ಟಿಯಲ್ಲೇ.

ಅಣ್ಣ ತೀರಿಕೊಂಡ ಮೇಲೂ ಊರಿನವರು ಕೊನೆಯ ದಿನದ ಬೇಯುವಿಕೆಗೆ ಅತ್ತಿಗೆಯನ್ನೇ ಕರೆಯುತ್ತಿದ್ದರು. ನನ್ನ ಅಂಗಳವನ್ನು ದಾಟಿಕೊಂಡು ಹೋಗಿ ಕರೆಯುತ್ತಿದ್ದರು. ಯಾರು, ಯಾವ ದಿನ — ಅದೂ ದಿನಚರಿಯಲ್ಲಿದೆ.

ಎರಡು ವರ್ಷದ ಹಿಂದೆ ಮೈಸೂರಿನ ಕಾಲೇಜೊಂದರಿಂದ ನಸ್ರೀನ್ ಎಂಬ ಸಂಶೋಧಕಿ ಬಂದಳು. ಹುಣಸೂರಿನ ಬಡಗಿಯೊಬ್ಬರ ಮಗಳು. ಚುರುಕಾದ, ವಿನಯದ ಹುಡುಗಿ. ಎಲೆ ಬಿದ್ದ ಸದ್ದನ್ನು ಗುರುತಿಸಿ ದೀಪ ಹೊತ್ತಿಸುವ ಒಂದು ಪೆಟ್ಟಿಗೆಯನ್ನು ಮಾಡುವುದು ಅವಳ ಉದ್ದೇಶ. ಮನುಷ್ಯನ ಕಿವಿ ಹತ್ತು ಸದ್ದು ಬೆರೆತು ಬಂದರೂ ಒಂದೊಂದನ್ನೂ ಬಿಡಿಸಿಕೊಳ್ಳುತ್ತದೆ. ಕಂಪ್ಯೂಟರಿಗೆ ಮಾತ್ರ ಎಲ್ಲವೂ ಸೇರಿ ಒಂದೇ ಗೋಜಲು. ಬಿಡಿಸಬಲ್ಲವರು ‘ಇಗೋ, ಇಲ್ಲಿ’ ಎಂದು ಸಾವಿರ ಸಲ ತೋರಿಸಿಕೊಟ್ಟರೆ ಅದೂ ಕಲಿಯುತ್ತದೆ ಎಂದಳು. ಬ್ಯಾರನ್ನುಗಳಲ್ಲಿ ಧ್ವನಿಮುದ್ರಿಸಿಕೊಂಡ ಒಂದೇ ಸದ್ದನ್ನು ಇಬ್ಬರು ಬೇರೆಬೇರೆಯಾಗಿ ಕೇಳಬೇಕು. ಎಲೆ ಬಿದ್ದಾಗಲೆಲ್ಲ ಗುಂಡಿ ಒತ್ತಬೇಕು. ಊರು ಅತ್ತಿಗೆಯ ಹೆಸರು ಹೇಳಿತು. ನನ್ನ ಹೆಸರನ್ನು ನಾನೇ ಹೇಳಿಕೊಂಡೆ.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡಾಗ ನನಗೆ ಕೇಳಿಸಿದ್ದು ಮಳೆ. ಬರೀ ಮಳೆ. ಮೂವತ್ತನಾಲ್ಕು ವರ್ಷ ಪಾಠ ಮಾಡಿದ ನನಗೆ —

ಅತ್ತಿಗೆಗೆ ಕಂಪ್ಯೂಟರಿನ ಗುಂಡಿಯೆಂದರೆ ಅಳುಕು. ನಸ್ರೀನ್ ನನ್ನತ್ತ ತಿರುಗಿ, “ಅಜ್ಜಿ ಬೆರಳು ಎತ್ತಿದ ತಕ್ಷಣ ನೀವೇ ಒತ್ತಿಕೊಡಿ ಸರ್. ನೀವು ಮೇಷ್ಟ್ರು, ಹೆಚ್ಚುಕಡಿಮೆ ಮಾಡಲ್ಲ,” ಎಂದು ಹೇಳಿ ಬ್ಯಾರನ್ನಿನ ಕಡೆ ಹೋದಳು. ನನ್ನ ನಡುಮನೆಯಲ್ಲಿ ನಾವಿಬ್ಬರೇ ಉಳಿದೆವು. ಅತ್ತಿಗೆ ಕಣ್ಣು ಮುಚ್ಚಿದರು. ಬೆರಳು ಎದ್ದಿತು. ನಾನು ಒತ್ತಲಿಲ್ಲ. ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಆಮೇಲೆ ಒತ್ತಿದೆ. ಕೆಲವೊಮ್ಮೆ ಹತ್ತರವರೆಗೆ ಎಣಿಸಿದೆ, ಕೆಲವೊಮ್ಮೆ ಒತ್ತಲೇ ಇಲ್ಲ. ಆದರೆ ಬೆರಳು ಎದ್ದ ನಿಜವಾದ ಹೊತ್ತನ್ನು ಪರದೆಯ ಮೇಲೆ ಓಡುವ ಗಡಿಯಾರ ನೋಡಿ ನನ್ನ ದಿನಚರಿಯಲ್ಲಿ ಬರೆದುಕೊಂಡೆ — ಅವಮಾನಗಳು ಮುಗಿದ ಪುಟದಿಂದ ಮುಂದಕ್ಕೆ, ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ. ಮಧ್ಯಾಹ್ನ ನನ್ನ ಸರದಿ ಬಂದಾಗ ದಿನಚರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಹೊತ್ತುಗಳಿಗೆ ಸರಿಯಾಗಿ ಗುಂಡಿ ಒತ್ತಿದೆ. ಹೀಗೆ ಹತ್ತು ದಿನ.

ಕೆಲವು ಧ್ವನಿಮುದ್ರಣಗಳಲ್ಲಿ ಕಾಲೇಜಿನವರೇ ದಾರ ಜಗ್ಗಿ ಎಲೆ ಬೀಳಿಸಿದ್ದರಂತೆ. ಆ ಕ್ಷಣಗಳು ಅವರಿಗೆ ಗೊತ್ತಿದ್ದವು. ಹತ್ತನೆಯ ದಿನ ನಸ್ರೀನ್ ಅವುಗಳೊಂದಿಗೆ ನಮ್ಮಿಬ್ಬರ ಪಟ್ಟಿಗಳನ್ನೂ ತಾಳೆ ನೋಡಿದಳು. ಬಂದು ಅತ್ತಿಗೆಯ ಪಕ್ಕದಲ್ಲೇ ನೆಲಕ್ಕೆ ಕೂತಳು.

“ಅಜ್ಜಿ, ಬೇಜಾರು ಮಾಡ್ಕೋಬೇಡಿ. ನಿಮ್ದು ಒಂದೂ ತಾಳೆ ಆಗ್ತಿಲ್ಲ. ಸರ್‌ದು ಎಲ್ಲಾ ಸರಿಯಾಗಿದೆ.”

ಅತ್ತಿಗೆ ತಮ್ಮ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. “ವಯಸ್ಸಾಯ್ತು ಕಣವ್ವ. ಕಿವಿ ಓಯ್ತು ಅಂತ ಕಾಣುತ್ತೆ.” ಆಮೇಲೆ ನನ್ನತ್ತ ತಿರುಗಿದರು. “ಸದ್ಯ, ನೀನಾದ್ರೂ ಇದ್ದೀಯಲ್ಲಪ್ಪ ಮನೇಲಿ, ಕೇಳ್ಸ್ಕೊಳ್ಳೋಕೆ.”

ನಾನು ಆಗ ಹೇಳಬಹುದಿತ್ತು. ದಿನಚರಿ ನನ್ನ ಕೈಯಲ್ಲೇ ಇತ್ತು.

ಅಂದಿನಿಂದ ಅವರು ಯಾರ ಬ್ಯಾರನ್ನಿನ ಕಾವಲಿಗೂ ಹೋಗಲಿಲ್ಲ. ಕರೆದರೆ, “ಬ್ಯಾಡ ಕಣಪ್ಪ, ನನ್ನ ನಂಬ್ಕಂಡು ಸುಟ್ಕಂಡೀರಿ,” ಎಂದರು. ರಸ್ತೆ ದಾಟಲು ಯಾರಾದರೂ ಬರಲಿ ಎಂದು ಕಾಯತೊಡಗಿದರು. ಸೊಸೆ ಎತ್ತರದ ದನಿಯಲ್ಲಿ ಮಾತಾಡುತ್ತಾಳೆ. ಮೊಮ್ಮಕ್ಕಳು ಕಿವಿಯ ಹತ್ತಿರ ಬಂದು ಕೂಗುತ್ತಾರೆ. ಅವರು ಕೇಳಿಸಿದ ಮಾತನ್ನೂ ಎರಡು ಸಲ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಅವರ ಮಗ ಮೈಸೂರಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸುತ್ತೇನೆ ಎಂದಾಗ, “ಈ ವಯಸ್ಸಿಗೆ ಅದು ಸಹಜ, ಸುಮ್ಮನೆ ಯಾಕೆ ಅಲೆಸುತ್ತೀಯ?” ಎಂದು ತಡೆದವನೂ ನಾನೇ. ಪರೀಕ್ಷೆಯಲ್ಲಿ ಏನು ತಿಳಿಯುತ್ತದೆಂಬುದು ನನಗೊಬ್ಬನಿಗೇ ಗೊತ್ತಿತ್ತು. ಈ ನಡುವೆ ಪೆಟ್ಟಿಗೆ ಸಿದ್ಧವಾಯಿತು. ನನಗೆ ಶಾಲು ಹೊದಿಸಿದರು. ಚಲುವೇಗೌಡನೇ ಮೊದಲು ಚಪ್ಪಾಳೆ ತಟ್ಟಿದ. ಆ ದಿನಾಂಕವನ್ನೂ ಬರೆದುಕೊಂಡೆ.

ಆದರೆ ನನ್ನ ಅತಿ ದೊಡ್ಡ ತಪ್ಪು ಇದಲ್ಲ.

ಈ ವರ್ಷ, ಕಳೆದ ವಾರ, ಹಗಲು ಹೊತ್ತಿನಲ್ಲೇ — ನನ್ನ ಬ್ಯಾರನ್ ಬೇಯುವ ಕೊನೆಯ ದಿನ. ಹೊರಗೋಡೆಗೆ ಆ ಪೆಟ್ಟಿಗೆ ನೇತಾಡುತ್ತಿತ್ತು. ಅತ್ತಿಗೆ ಅದಕ್ಕೆ ಬೆನ್ನು ಮಾಡಿ ಚಪ್ಪರದಡಿ ಒಬ್ಬರೇ ಸೊಪ್ಪು ಕಟ್ಟುತ್ತಿದ್ದರು. ಮಳೆ ಜೋರಾಗಿತ್ತು. ಇದ್ದಕ್ಕಿದ್ದಂತೆ ಅವರ ಬೆರಳು ಎದ್ದಿತು. ಅದು ಎದ್ದ ಮೇಲೆ, ಹೌದು, ಎದ್ದ ಮೇಲೆಯೇ, ಪೆಟ್ಟಿಗೆಯ ಕೆಂಪು ದೀಪ ಹೊತ್ತಿಕೊಂಡಿತು. ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಬೆರಳನ್ನು ಸೆರಗಿನೊಳಗೆ ಅಡಗಿಸಿಕೊಂಡು ನನ್ನ ಮುಖ ನೋಡಿದರು.

“ಬಿತ್ತಾ?”

ದೀಪ ನನ್ನ ಕಣ್ಣೆದುರಿಗೇ ಉರಿಯುತ್ತಿತ್ತು. “ಇಲ್ಲ,” ಎಂದೆ.

“ಅಂಗೇ ಅನ್ಸ್ತು, ಬುಡು,” ಎಂದು ನಕ್ಕು, ಕಡ್ಡಿಗಳನ್ನು ಎತ್ತಿಕೊಂಡು ತಮ್ಮ ಮನೆಯ ಕಡೆ ಹೋದರು. ಅವರು ಮರೆಯಾದ ಮೇಲೆ ನಾನು ಒಲೆಯಿಂದ ಸೌದೆ ಎಳೆದೆ. ಒಳಗೆ ಪೈಪಿನ ಮೇಲೆ ಎಲೆಯ ಅಂಚು ಆಗಲೇ ಕಪ್ಪಾಗಿತ್ತು. ಅವರಿಗೆ ಕೇಳಿಸಿತು, ಪೆಟ್ಟಿಗೆಗೂ ಕೇಳಿಸಿತು. ನನಗೆ ಅಂದೂ ಕೇಳಿಸಿದ್ದು ಮಳೆ. ಆ ಪೆಟ್ಟಿಗೆ ಅತ್ತಿಗೆಯ ಶಿಷ್ಯ. ನಾನು ನಡುವಿನ ಕಳ್ಳ. ಆ ಯಂತ್ರದ ಮೇಲೂ ನನಗೆ ಹೊಟ್ಟೆ ಉರಿಯಿತು. ಇದನ್ನು ಬರೆಯುತ್ತಿರುವಾಗಲೂ ಆ ಉರಿ ಪೂರ್ತಿ ಆರಿಲ್ಲ. ಆರಿದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

ಚಲುವೇಗೌಡ ನಕ್ಕದ್ದು, ಅಣ್ಣ ಆಡಿದ್ದು — ಇವುಗಳನ್ನು ಕಾರಣವಾಗಿ ಮುಂದಿಡುತ್ತಿಲ್ಲ. ನಗದೆ ಇದ್ದ ಒಬ್ಬರನ್ನೇ ಅಲ್ಲವೇ ನಾನು ಹುಡುಕಿ ಹೊಡೆದದ್ದು.

ದಿನಚರಿ ಈಗ ಮೇಜಿನ ಮೇಲಿದೆ. ನಾಳೆ ಬೆಳಿಗ್ಗೆ ಬರುವಂತೆ ನಸ್ರೀನ್‌ಗೆ ಫೋನು ಮಾಡಿದ್ದೇನೆ; ಬೆರಳು ಎದ್ದ ಹೊತ್ತುಗಳ ಆ ಪುಟಗಳನ್ನು ಅವಳ ಕೈಗೆ ಕೊಡುತ್ತೇನೆ. ಅತ್ತಿಗೆಗೆ ಓದಲು ಬಾರದು. ಆದ್ದರಿಂದ ಇಲ್ಲಿ ಬರೆದದ್ದನ್ನೆಲ್ಲ ಚಪ್ಪರದಡಿ, ಸೊಪ್ಪು ಕಟ್ಟುವ ಹೆಂಗಸರೆಲ್ಲರ ಎದುರು, ನಾನೇ ಅವರಿಗೆ ಓದಿ ಹೇಳಬೇಕು. ಮಳೆ ಬರುತ್ತಿರಬಹುದು. ಒಲೆ ಉರಿಯುತ್ತಿರುತ್ತದೆ. ನಾನು ದನಿ ಎತ್ತರಿಸುವುದಿಲ್ಲ. ಎಂದಿನ ದನಿಯಲ್ಲೇ ಓದುತ್ತೇನೆ. ಅವರಿಗೆ ಒಂದೊಂದು ಅಕ್ಷರವೂ ಕೇಳಿಸುತ್ತದೆ.