ಅಮ್ಮನ ತವರು ಎಲ್ಲಿ?

ಶೃಂಗೇರಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸರು ಕೊಪ್ಪ ಬರುವುದರೊಳಗೆ ಎರಡು ವಿಷಯ ಕೇಳಿಯೇ ಕೇಳುತ್ತಾರೆ: ನಿಮ್ಮದು ಯಾವೂರು, ಅಮ್ಮನ ತವರು ಎಲ್ಲಿ. ಹೇಳದಿದ್ದರೆ ಸೊಕ್ಕು ಅನ್ನುತ್ತಾರೆ. ನಾವು ಉತ್ತರ ಹೇಳಿಕೊಂಡೇ ಬೆಳೆದವರು.

ಆ ವೆಬ್‌ಸೈಟು ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ನಾನಾಗ ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಪಕ್ಕದಲ್ಲೇ ಇಂಟರ್ನೆಟ್ ಸೆಂಟರ್. ಸ್ನೇಹಿತರನ್ನೆಲ್ಲ ಒಂದು ಕಡೆ ಸೇರಿಸುವ ವೆಬ್‌ಸೈಟಿನ ಹುಚ್ಚು ಆಗಷ್ಟೇ ಊರಿಗೆ ಹತ್ತಿತ್ತು. ನಾನೂ ಸೇರಿದೆ. ಪಾಸ್‌ವರ್ಡ್ ಮರೆತರೆ ಇರಲಿ ಅಂತ ಒಂದು ಗುಟ್ಟಿನ ಪ್ರಶ್ನೆ ಬೇಕಂತೆ. ಮದುವೆಗೆ ಮುಂಚೆ ತಾಯಿಯ ಮನೆತನದ ಹೆಸರೇನು ಅಂತಿತ್ತು. ನಮ್ಮಮ್ಮನಿಗೆ ಅಂಥದ್ದೊಂದು ಹೆಸರು ಎಲ್ಲಿಂದ ಬರಬೇಕು? ತವರೂರು ಬಸರೀಕಟ್ಟೆ, ಅದನ್ನೇ ಬರೆದು ಮುಂದೆ ಹೋದೆ.

ಅಲ್ಲಿ ನನಗೆ ಬೇಕಾದವಳು ಒಬ್ಬಳೇ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳತಿ, ಮದುವೆಯಾಗಿ ನರಸಿಂಹರಾಜಪುರಕ್ಕೆ ಹೋಗಿದ್ದಳು. ಮನೆಯ ಫೋನು ಅತ್ತೆಯ ಕುರ್ಚಿಯ ಪಕ್ಕದಲ್ಲಿ. ಹಾಗಾಗಿ ಹೊಲಿಗೆ ಕ್ಲಾಸಿನ ದಿನ ಅಲ್ಲಿನ ಸೆಂಟರಿಗೆ ಹೋಗಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ಬೇರೆಯವರಿಗೆ ಕಾಣದ ಮೆಸೇಜು ಕಳಿಸುತ್ತಿದ್ದಳು. ಅತ್ತೆ ಹಾಲು ಮೊಸರಿನ ಕಪಾಟಿಗೂ ಬೀಗ ಹಾಕಿದ್ದು, ಗಂಡ ಕಂಡೂ ಬಾಯಿ ಬಿಡದಿದ್ದು, ಎಲ್ಲವನ್ನೂ ಬರೆಯುತ್ತಿದ್ದಳು. ತನ್ನ ಕಡೆಯದನ್ನು ಅಳಿಸಿಯೇ ಏಳುತ್ತಿದ್ದಳು. ಉಳಿಯುತ್ತಿದ್ದದ್ದು ನನ್ನ ಹತ್ತಿರ ಮಾತ್ರ. ನಾನು ಓದಿ, ಅವಳ ಅತ್ತೆಗೆ ಬಾಯಿಗೆ ಬಂದಂತೆ ಬೈದು ಬರೆಯುತ್ತಿದ್ದೆ. ಅವಳಿಗೆ ಅದೇ ಸಮಾಧಾನ.

ಒಮ್ಮೆ ಅವಳ ಮನೆಗೆ ಹೋದೆ. ಕಂಪ್ಯೂಟರ್ ಕ್ಲಾಸಿಗೆ ಹೋಗುವ ನಾದಿನಿ ಕಾಫಿ, ಕೋಡುಬಳೆ ಇಟ್ಟು ಎದುರಿಗೇ ಕೂತಳು.

"ಅಮ್ಮನ ತವರು ಯಾವ ಕಡೆ ಆತು ಅಕ್ಕಾ?"

"ಬಸರೀಕಟ್ಟೆ."

"ಹೌದಾ! ನಮ್ಮ ಚಿಕ್ಕಮ್ಮನ್ನ ಕೊಟ್ಟಿದ್ದೂ ಅಲ್ಲಿಗೇ."

ಎಷ್ಟು ಒಳ್ಳೇ ಹುಡುಗಿ ಅಂದುಕೊಂಡೆ. ಇನ್ನೊಂದು ಕೋಡುಬಳೆಯನ್ನೂ ತಿಂದೆ.

ಆಮೇಲಿನ ವಾರ ನನ್ನ ಪಾಸ್‌ವರ್ಡ್ ತಪ್ಪು ಅಂತ ಬಂತು. ನನ್ನದೇ ಮರೆವು ಅಂದುಕೊಂಡು, ಪ್ರಶ್ನೆಗೆ ಉತ್ತರ ಕೊಟ್ಟು ಹೊಸದು ಮಾಡಿಕೊಂಡೆ. ಮರುದಿನ ಗೆಳತಿ ಬೂತಿನಿಂದ ಅಂಗಡಿಗೆ ಫೋನು ಮಾಡಿದಳು. ಅಳುತ್ತಿದ್ದಳು. ಅವಳು ಬರೆದದ್ದನ್ನೆಲ್ಲ ಅತ್ತೆ ಅವಳೆದುರೇ ಒಪ್ಪಿಸಿದ್ದರಂತೆ, ಕಪಾಟಿನ ಬೀಗದ ಸಮೇತ.

"ನಿಂಗೊಬ್ಳಿಗೇ ಬರ್ದಿದ್ದು. ಯಾರ ಹತ್ರ ಬಾಯಿ ಬಿಟ್ಟೆ, ಹೇಳು."

"ಯಾರ ಹತ್ರನೂ ಇಲ್ಲ ಮಾರಾಯ್ತಿ, ಅಮ್ಮನಾಣೆ!"

ಫೋನು ಇಟ್ಟೇಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಹೆತ್ತಮ್ಮನಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಕ್ಕೆ ಚಾಡಿಕೋರಿ ಅನ್ನಿಸಿಕೊಳ್ಳಬೇಕಾಯಿತಲ್ಲ! ಟೈಪು ಮಾಡುತ್ತಲೇ ಕಣ್ಣೀರು ಹಾಕಿದೆ. ಕಣ್ಣೊರೆಸಿಕೊಂಡ ಮೇಲೆ, ತಪ್ಪು ಅಂತ ಬಂದಿದ್ದ ಆ ಪಾಸ್‌ವರ್ಡು ನೆನಪಾಯಿತು.

ಅವಳು ತವರಿಗೆ ಬಂದಾಗ ಕೈ ಹಿಡಿದು ಎಳೆದುಕೊಂಡೇ ಸೆಂಟರಿಗೆ ಹೋದೆ. ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿ, ಕುರ್ಚಿ ಅವಳಿಗೆ ಬಿಟ್ಟೆ.

"ಈಗ ನೀನೇ ತೆಗಿ. ನಾನು ಎಂತದೂ ಹೇಳಲ್ಲ."

ಪ್ರಶ್ನೆ ಓದಿದಳು. "ಇದಕ್ಕೆ ನಾವೆಲ್ಲ ತವರೂರೇ ಅಲ್ವೇನೆ ಹಾಕೋದು?" ಅನ್ನುತ್ತ ಬಸರೀಕಟ್ಟೆ ಅಂತ ಹೊಡೆದಳು. ತೆರೆದುಕೊಂಡಿತು. ಅವಳ ಮೆಸೇಜುಗಳೆಲ್ಲ ಸಾಲಾಗಿ ಎದುರಿಗೇ ಇದ್ದವು.

"ಅಯ್ಯೋ, ನಮ್ಮನೆ ಹುಡುಗಿ ಅವತ್ತು ನಿಂಗೆ ಇದನ್ನೇ ಕೇಳಿದ್ಲಲ್ಲೇ!"

"ಕೇಳಿದ್ಲು. ಕೋಡುಬಳೆ ಕೊಟ್ಟು ಕೇಳಿದ್ಲು."

ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬಂದಿದ್ದೆ, ಅದೂ ಮರ್ಯಾದಸ್ಥರ ಹಾಗೆ. ಗೆಳತಿ ನಗುತ್ತ ಅತ್ತಳು. "ತಪ್ಪು ತಿಳ್ಕೊಂಡೆ ಕಣೇ" ಅಂತ ಕೈ ಹಿಡಿದಳು. ನನಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತು ನಾವಿಬ್ಬರೂ ಕಾಣದ ಯಾವುದೋ ಊರಿನ ಹೆಸರು ಹಾಕಿ ಉತ್ತರ ಬದಲಾಯಿಸಿದೆವು. ಇನ್ನು ಧೈರ್ಯವಾಗಿ ಬರೆ ಅಂದೆ. ಹ್ಞೂಂ ಅಂದಳು.

ಯುಗಾದಿಗೆ ಬರೀ ಹೂವಿನ ಚಿತ್ರ ಕಳಿಸಿದಳು. ಗೌರಿ ಹಬ್ಬಕ್ಕೆ ಇನ್ನೊಂದು. ಕಪಾಟಿಗೆ ಇನ್ನೂ ಬೀಗ ಇದೆಯೇನೆ ಅಂತ ನಾನೇ ಬರೆದು ಕೇಳಿದೆ.

ಎಲ್ಲರೂ ಚೆನ್ನಾಗಿದ್ದಾರೆ ಅಂತ ಉತ್ತರ ಬಂತು.