ಮೂರು ಹನಿ ನೀರು

ಡೇರಿಯ ಹೊಸ ಯಂತ್ರ ಎರಡು ಸಲ ಕೂಗಿತು. ಪರದೆಯ ಮೇಲೆ ಕೆಂಪಗೆ ಮೂಡಿದ್ದು ನನ್ನ ನಂಬರಲ್ಲ, ನೆರೆಮನೆಯ ಕೊಟ್ರಮ್ಮನದು. ನಸುಕಿಗೇ ಕೂಲಿಗೆ ಹೋಗುವ ಆ ವಿಧವೆ ತನ್ನ ಒಂದೇ ಎಮ್ಮೆಯ ಹಾಲನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು.

"ಯಜಮಾನ್ರ, ಇದ್ರಾಗ ನೀರು ಐತಿ. ಇನ್ನೊಮ್ಮಿ ಹಿಂಗಾದ್ರ ಆಕಿ ಹಾಲು ಬಂದ್ ಅಂತ ಹೇಳಿಬಿಡ್ರಿ" ಎಂದ ಡೇರಿಯವನು.

ದಾರಿಯಲ್ಲಿ ಅವಳ ಕ್ಯಾನಿನಿಂದ ಒಂದು ಚೊಂಬು ಹಾಲನ್ನು ನನ್ನ ಕ್ಯಾನಿಗೆ ಸುರಿದುಕೊಂಡು, ಅಷ್ಟೇ ನೀರು ತುಂಬಿದವನು ನಾನೇ. ಬಹಳ ದಿನಗಳಿಂದ ಹಾಗೆ ಮಾಡುತ್ತಿದ್ದೆ. ಆದರೂ ಖಾಲಿ ಕ್ಯಾನುಗಳನ್ನು ಎತ್ತಿಕೊಂಡು ಮನೆಗೆ ಬಂದೆ.

ಸಂಜೆ ಕೊಟ್ರಮ್ಮ ಮೊಬೈಲ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ಡೇರಿಯ ಮೆಸೇಜು ಅವಳಿಗೂ ಹೋಗಿತ್ತು. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು:

"ದೊಡ್ಡಪ್ಪ, ನೀರು ಹಾಕದ ಹಾಲು ಕಾಸಿದ್ರ ಎಮ್ಮಿ ಕೆಚ್ಚಲು ಸುಡ್ತೈತಿ ಅಂತ ನಮ್ಮವ್ವ ಹೇಳಿದ್ಲು. ಅದಕ್ಕ ಮೂರೇ ಮೂರು ಹನಿ ಹಾಕ್ತಿದ್ನಿ. ಅಷ್ಟನ್ನೂ ಹಿಡಿತೈತೇನು ಆ ಮಿಷನ್ನು?"

"ಹೂಂ, ಹಿಡಿತೈತಿ" ಎಂದುಬಿಟ್ಟೆ.

ಅಂದಿನಿಂದ ನಾನು ಅವಳ ಕ್ಯಾನಿನ ಮುಚ್ಚಳ ತೆಗೆದಿಲ್ಲ. ಯಂತ್ರವೂ ಕೂಗಿಲ್ಲ. ಮೂರು ಹನಿ ಹಾಕುವುದನ್ನು ನಿಲ್ಲಿಸಿದ್ದಕ್ಕೇ ಹಾಲು ಪಾಸಾಯಿತೆಂದು ಅವಳು ನಂಬಿದ್ದಾಳೆ. ಆದರೆ ದಿನಾ ಹಿಂಡುವ ಮೊದಲು ಎಮ್ಮೆಯ ಕೆಚ್ಚಲನ್ನು ಮುಟ್ಟಿ ಮುಟ್ಟಿ ನೋಡುತ್ತಾಳೆ, ಸುಟ್ಟೀತೆಂಬ ಭಯಕ್ಕೆ. ಈ ಬರಹ ನಿಮ್ಮ ಪತ್ರಿಕೆಯಲ್ಲಿ ಅಚ್ಚಾದ ದಿನ ಅವಳೆದುರು ಕೂತು ನಾನೇ ಓದಿ ಹೇಳಬೇಕೆಂದಿದ್ದೇನೆ.

– ಹೆಸರು ಬೇಡ, ಹಗರಿಬೊಮ್ಮನಹಳ್ಳಿ ತಾಲ್ಲೂಕು